ಘಟ್ಟ ಇಳಿಯುವ ಗೆಳೆಯನ ಜೊತೆ

ದೊಡ್ಡ ಕಾಯಿಲೆ ಎಂದು ಗೊತ್ತಾದ ಮೊದಲ ತಿಂಗಳು ಮನೆ ತುಂಬ ಜನ. ಬಾಳೂರಿನಿಂದ ನೆಂಟರು, ಬಣಕಲ್‌ನಿಂದ ಹಳೇ ಸಹಪಾಠಿಗಳು, ತೋಟದ ಕೆಲಸದವರು, ಎಲ್ಲರೂ ಎಳನೀರು, ಮೋಸಂಬಿ, ಬಾಳೆಹಣ್ಣು ಹಿಡಿದು ಬರುತ್ತಾರೆ. ಎರಡನೇ ವರ್ಷಕ್ಕೆ ಫೋನು ಮಾತ್ರ ಉಳಿಯುತ್ತದೆ. ಆಮೇಲೆ ಅದೂ ಅಪರೂಪ. ಜನ ಕೆಟ್ಟವರೆಂದು ನಾನು ಹೇಳಲಾರೆ. ಗುಣವಾದ ಸುದ್ದಿಗೋ ಸಾವಿನ ಸುದ್ದಿಗೋ ನಾವು ಸಿದ್ಧರಾಗಿರುತ್ತೇವೆ. ಎರಡೂ ಆಗದೆ ವರ್ಷಗಟ್ಟಲೆ ನಡೆಯುವ ಕಾಯಿಲೆಯವನ ಜೊತೆ ಹೇಗಿರಬೇಕೆಂದು ನಮಗೆ ಯಾರೂ ಕಲಿಸಿಲ್ಲ.

ಕೊಟ್ಟಿಗೆಹಾರದ ನನ್ನ ಗೆಳೆಯನ ಎರಡೂ ಕಿಡ್ನಿ ಕೈಕೊಟ್ಟು ವರ್ಷಗಳೇ ಕಳೆದಿವೆ. ಶಾಲೆಯಿಂದ ಜೊತೆಗಿದ್ದವನು. ತೋಟದಲ್ಲಿ ಕಪಾತು, ಮರಗಸಿ, ಔಷಧಿ ಹೊಡೆಸುವುದು ಎಲ್ಲಕ್ಕೂ ಮುಂದೆ ನಿಲ್ಲುತ್ತಿದ್ದ. ಸೊಂಟನೋವಿಗೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುವುದು ಅವನಿಗೆ ರೂಢಿ. ರಕ್ತದೊತ್ತಡ ಇತ್ತು, ನೋಡಿಸಿರಲಿಲ್ಲ. ಹೀಗೆ ಸದ್ದಿಲ್ಲದೆ ಏರುವ ಒತ್ತಡ, ಹಿಡಿತಕ್ಕೆ ಸಿಗದ ಸಕ್ಕರೆ, ವೈದ್ಯರನ್ನು ಕೇಳದೆ ನುಂಗುವ ನೋವಿನ ಮಾತ್ರೆ ಕಿಡ್ನಿಯನ್ನು ಒಳಗೊಳಗೇ ತಿನ್ನುತ್ತವೆ. ಮುಕ್ಕಾಲು ಪಾಲು ಹಾಳಾಗುವವರೆಗೂ ಅದು ದೂರು ಹೇಳುವುದೇ ಇಲ್ಲ. ಕಾಲು ಊದಿಕೊಂಡು, ಊಟ ಕಂಡರೆ ವಾಕರಿಕೆ ಬಂದು, ನಾಲ್ಕು ಹೆಜ್ಜೆಗೆ ಏದುಸಿರು ಹತ್ತಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿದ. ಕಿಡ್ನಿ ಎಷ್ಟು ಕೆಟ್ಟಿದೆಯೆಂದು ತೋರಿಸುವ ಕ್ರಿಯಾಟಿನಿನ್ ನೋಡಿದ ಡಾಕ್ಟರು ಹೆಂಡತಿಯನ್ನು ಬೇರೆಯಾಗಿ ಕರೆದು ಮಾತಾಡಿದರು.

ಮುಷ್ಟಿ ಗಾತ್ರದ ಎರಡು ಅಂಗಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನು ರಕ್ತಕ್ಕೆ ಮರಳಿಸಿ, ಒಂದೂವರೆ ಎರಡು ಲೀಟರನ್ನಷ್ಟೇ ಮೂತ್ರವಾಗಿ ಕಳಿಸುತ್ತವೆ. ಹಗಲು ರಾತ್ರಿ ನಡೆಯುವ ಈ ಕೆಲಸವನ್ನು ಡಯಾಲಿಸಿಸ್ ಮಿಷನ್ನು ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆಯಲ್ಲಿ ಮಾಡಿ ಮುಗಿಸಬೇಕು. ಖರ್ಚಿಗೋ ದಾರಿಗೋ ಹೆದರಿ ನಮ್ಮಲ್ಲಿ ಎಷ್ಟೋ ಮಂದಿ ಎರಡು ಸಲಕ್ಕೇ ನಿಲ್ಲಿಸುತ್ತಾರೆ. ಗೆಳೆಯನ ಎಡಗೈಯಲ್ಲಿ ರಕ್ತನಾಳಗಳೆರಡನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಅದರ ಮೇಲೆ ಬೆರಳಿಟ್ಟರೆ ಗುಂಯ್‌ಗುಡುವ ಕಂಪನ ತಿಳಿಯುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಅವನು ಮೊದಲು ಮುಟ್ಟಿ ನೋಡುವುದು ಅದನ್ನೇ. ಕಂಪನ ನಿಂತರೆ ನಾಳ ಮುಚ್ಚಿತೆಂದೇ ಲೆಕ್ಕ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಬಿಪಿ ನೋಡಿಸುವಂತಿಲ್ಲ, ಮಲಗುವಾಗ ಅದರ ಮೇಲೆ ಒರಗುವಂತಿಲ್ಲ.

ಈ ಮಿಷನ್ನಿನ ಹಿಂದೆ ದೊಡ್ಡ ಛಲದ ಕತೆಯಿದೆ. 1943ರಲ್ಲಿ, ಜರ್ಮನರ ವಶದಲ್ಲಿದ್ದ ನೆದರ್ಲೆಂಡ್ಸಿನ ಸಣ್ಣ ಊರಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯ ಸಾಸೇಜಿಗೆ ಸುತ್ತುವ ಸೆಲೋಫೇನ್ ಕೊಳವೆಯಿಂದ ಬಳಕೆಗೆ ಬರುವಂಥ ಮೊದಲ ಕೃತಕ ಕಿಡ್ನಿ ಕಟ್ಟಿದ. ಮೊದಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಮುದುಕಿಯೊಬ್ಬಳು ಪ್ರಜ್ಞೆ ಮರಳಿ ಕಣ್ಣು ಬಿಟ್ಟಳು. ಆದರೂ ಪ್ರತಿ ಸಲ ಹೊಸ ರಕ್ತನಾಳ ಹುಡುಕಬೇಕಿದ್ದರಿಂದ ಕೆಲವು ಸಲಕ್ಕಿಂತ ಹೆಚ್ಚು ಮಾಡಲಾಗುತ್ತಿರಲಿಲ್ಲ. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಉಳಿಯುವ ಟೆಫ್ಲಾನ್ ಕೊಳವೆ ಇಟ್ಟ ಮೇಲೆ ಕಿಡ್ನಿ ಹೋದವರೂ ವರ್ಷಗಟ್ಟಲೆ ಬದುಕುವಂತಾಯಿತು. ಅವನ ಮೊದಲ ರೋಗಿ ಮತ್ತೆ ಹನ್ನೊಂದು ವರ್ಷ ಬಾಳಿದ.

ರಕ್ತ ಸೋಸುವ ಮಿಷನ್ನು ಮೈಯ ನೀರನ್ನೂ ಎಳೆಯುತ್ತದೆ. ಮೂತ್ರ ನಿಂತವನಿಗೆ ಕುಡಿದ ಪ್ರತಿ ಲೋಟವೂ ಮೈಯಲ್ಲೇ ಉಳಿಯುತ್ತದೆ. ಎರಡು ಡಯಾಲಿಸಿಸ್ ನಡುವೆ ಮೂರು ಕೆಜಿ ಏರಿದ್ದರೆ ಬಹುಪಾಲು ಅದು ಮೂರು ಲೀಟರ್ ನೀರು. ಅಷ್ಟನ್ನೂ ನಾಲ್ಕು ಗಂಟೆಯಲ್ಲಿ ಎಳೆದರೆ ಬಿಪಿ ಇಳಿದು, ಕಾಲಿನ ಮೀನಖಂಡ ಹಿಡಿದುಕೊಂಡು ಒದ್ದಾಡುತ್ತಾನೆ. ಬಂದವರಿಗೆ ಮೊದಲು ಕಾಫಿ ಕೊಟ್ಟು ಆಮೇಲೆ ಮಾತಾಡಿಸುವ ಸೀಮೆ ನಮ್ಮದು. ‘ಅರ್ಧ ಲೋಟಕ್ಕೆ ಏನಾಗ್ತದೆ, ಕುಡೀರಿ ಮಾರಾಯ್ರೆ’ ಎಂಬ ಒತ್ತಾಯ ಪ್ರೀತಿಯದ್ದೇ, ಆದರೆ ಅವನ ಪಾಲಿಗೆ ಅದರಷ್ಟು ಕಷ್ಟದ್ದು ಇನ್ನೊಂದಿಲ್ಲ. ಮೊದಲ ತಿಂಗಳು ಜನ ತಂದಿದ್ದ ಎಳನೀರು, ಮೋಸಂಬಿ, ಬಾಳೆಹಣ್ಣಿನಲ್ಲೂ ಪೊಟ್ಯಾಸಿಯಂ ಹೆಚ್ಚು. ಅದು ರಕ್ತದಲ್ಲಿ ಏರಿದರೆ ಹೃದಯ ನಿಂತುಹೋಗಬಹುದು. ಹಲಸಿನ ಹಣ್ಣೂ ಹಾಗೆಯೇ. ಇನ್ನು ಧಾರೆಹುಳಿ, ಕೆಲವರು ಕಮರಾಕ್ಷಿ ಎನ್ನುವ ಐದು ಏಣಿನ ಹಣ್ಣು, ಕಿಡ್ನಿ ಕೆಟ್ಟವರಿಗೆ ನೇರ ವಿಷ. ಅದರಲ್ಲಿರುವ ಅಂಶ ಮಿದುಳಿಗೆ ಏರಿ ನಿಲ್ಲದ ಬಿಕ್ಕಳಿಕೆ, ಗಲಿಬಿಲಿ, ಫಿಟ್ಸ್ ಬರುತ್ತವೆ, ಸತ್ತವರೂ ಇದ್ದಾರೆ. ಹಿತ್ತಲಲ್ಲಿ ಆ ಮರ ಇರುವ ಪ್ರತಿ ಮನೆಗೂ ಇದು ಗೊತ್ತಿರಬೇಕು.

ಕೊಟ್ಟಿಗೆಹಾರದಲ್ಲಿ ಈ ಕಾಯಿಲೆಗೆ ಇನ್ನೊಂದು ಭಾರ ಸೇರುತ್ತದೆ, ಅದು ರಸ್ತೆ. ಚಾರ್ಮಾಡಿ ಘಟ್ಟದ ನೆತ್ತಿಯ ಮೇಲಿನ ಊರು. ಒಂದು ದಾರಿ ಉಜಿರೆ, ಮಂಗಳೂರಿಗೆ ಇಳಿಯುತ್ತದೆ, ಒಂದು ಕಳಸ, ಹೊರನಾಡಿಗೆ, ಇನ್ನೊಂದು ಮೂಡಿಗೆರೆಗೆ. ಗೆಳೆಯ ಘಟ್ಟದ ಕೆಳಗಿನ ಆಸ್ಪತ್ರೆಗೆ ಹೋಗುತ್ತಾನೆ. ಹೋಗುವಾಗ ಹೇಗೋ ಆಗುತ್ತದೆ. ಬರುವಾಗ, ನೀರು ಎಳೆಸಿಕೊಂಡು ಜೀವ ಹಿಂಡಿದಂತಾದವನು ಆ ತಿರುವುಗಳಲ್ಲಿ ಕಣ್ಣು ಮುಚ್ಚಿ ಕೂರುತ್ತಾನೆ. ಜೊತೆಗಿದ್ದವರು ಮಾತಾಡಿಸಬಾರದು. ಮಂಜು ಕವಿದು ರಸ್ತೆ ಕಾಣದಿದ್ದರೂ, ಲಾರಿ ಅಡ್ಡ ನಿಂತರೂ ಸುಮ್ಮನಿರಬೇಕು.

2019ರ ಆಗಸ್ಟ್ ಮಳೆಯಲ್ಲಿ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಜರಿದು ಮನೆ ತೋಟಗಳು ಹೋದವು. ಚಾರ್ಮಾಡಿ ರಸ್ತೆ ಅಲ್ಲಲ್ಲಿ ಕುಸಿದು ಮುಚ್ಚಿತು. ಊರಿನ ದುಃಖದ ಮುಂದೆ ಅವನ ದುಃಖ ಸಣ್ಣದೆಂದು ಅವನೇ ಹೇಳಿದ. ಆದರೆ ಒಂದು ಡಯಾಲಿಸಿಸ್ ತಪ್ಪಿದ್ದಕ್ಕೇ ಶ್ವಾಸಕೋಶಕ್ಕೆ ನೀರು ತುಂಬಿ, ರಾತ್ರಿಯಿಡೀ ದಿಂಬಿಗೆ ಒರಗಿ ಕೂತು ಉಸಿರೆಳೆದ. ಮಾರನೆಯ ದಿನ ಮೂಡಿಗೆರೆ, ಬೇಲೂರು ದಾಟಿ ಹಾಸನಕ್ಕೆ ಕರೆದೊಯ್ದೆವು. ಮರುವರ್ಷ ಲಾಕ್‌ಡೌನ್ ಬಂದಾಗ ಚೆಕ್‌ಪೋಸ್ಟಿನಲ್ಲಿ ಫಿಸ್ಟುಲಾದ ಕೈ ತೋರಿಸಿ ದಾಟುವುದೇ ಪಾಸ್ ಆಗಿತ್ತು.

2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಬಡವರಿಗೆ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ರಕ್ತ ಶುದ್ಧಿ ಸಿಗತೊಡಗಿದ್ದು ದೊಡ್ಡ ಉಪಕಾರ. ಆದರೆ ಮಲೆನಾಡಿಗೆ ಇದಷ್ಟೇ ಸಾಲದು. ಹೊಟ್ಟೆಯೊಳಗೆ ದ್ರವ ತುಂಬಿಸಿ, ಕೆಲವು ಗಂಟೆ ಬಿಟ್ಟು ಹೊರಬಿಡುವ ಪೆರಿಟೋನಿಯಲ್ ಡಯಾಲಿಸಿಸ್ ಅನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 2019ರಿಂದ ಅದೂ ಈ ಕಾರ್ಯಕ್ರಮದಲ್ಲಿದೆ. ಶುಚಿತ್ವ ಕಟ್ಟುನಿಟ್ಟಾಗಿರಬೇಕು, ಚೀಲಗಳು ತಪ್ಪದೆ ಮನೆಗೆ ಬರಬೇಕು, ನರ್ಸ್ ಒಬ್ಬರು ಆಗಾಗ ನೋಡಬೇಕು. ಇಷ್ಟನ್ನು ಮಾಡಿಕೊಟ್ಟರೆ ಮಳೆಗಾಲದಲ್ಲಿ ರಸ್ತೆ ಕಡಿಯುವ ಕಳಸ, ಮೂಡಿಗೆರೆ ಸೀಮೆಯ ರೋಗಿಗಳಿಗೆ ಮೊದಲು ಸಿಗಬೇಕಾದದ್ದು ಇದೇ ಎಂದು ನಾನು ಖಚಿತವಾಗಿ ನಂಬಿದ್ದೇನೆ.

ಕಿಡ್ನಿ ಕಸಿಯ ಮಾತೂ ಬಂತು. ಹೆಂಡತಿಗೆ ಸಕ್ಕರೆ ಕಾಯಿಲೆ, ಅಮ್ಮನಿಗೆ ವಯಸ್ಸು ಮೀರಿತ್ತು, ತಮ್ಮನ ರಕ್ತದ ಗುಂಪು ಹೊಂದಲಿಲ್ಲ. ನನ್ನದು ಕೊಡುತ್ತೇನೆಂದೆ. ‘ನಿಂಗೇನು ತಲೆ ಕೆಟ್ಟಿದ್ಯ ಮಾರಾಯ, ನಿನ್ನ ಮಕ್ಕಳು ಓದ್ತಾ ಇದಾವೆ’ ಎಂದು ಬೈದ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು, ಗಂಡ, ಹೆಂಡತಿ ಹತ್ತಿರದವರು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಗೆಳೆಯ ಆ ಪಟ್ಟಿಯಲ್ಲಿಲ್ಲ. ಹಣಕ್ಕಲ್ಲ, ಪ್ರೀತಿಗೇ ಕೊಡುತ್ತಿದ್ದೇನೆಂದು ಅಧಿಕೃತ ಸಮಿತಿಯ ಮುಂದೆ ಮನವರಿಕೆ ಮಾಡಬೇಕು. ಬಡವರ ಕಿಡ್ನಿ ಮಾರಾಟವಾಗುತ್ತಿದ್ದ ದೇಶದಲ್ಲಿ ಈ ಬಿಗಿ ಬೇಕೇ ಬೇಕು. ನನ್ನ ವಿಷಯ ಅಲ್ಲಿಯವರೆಗೂ ಹೋಗಲಿಲ್ಲ. ಮೂತ್ರದಲ್ಲಿ ಪ್ರೋಟೀನ್ ಕಂಡು ವೈದ್ಯರೇ ಬೇಡವೆಂದರು.

ಈಗ ಅವನ ಹೆಸರು, ಮಿದುಳು ನಿಷ್ಕ್ರಿಯವಾದವರ ಅಂಗಾಂಗ ದಾನಕ್ಕೆ ಕಾಯುವವರ ರಾಜ್ಯದ ಜೀವಸಾರ್ಥಕತೆಯ ಪಟ್ಟಿಯಲ್ಲಿದೆ. 2022ರ ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರಿನಲ್ಲಿ ಬಸ್ಸಿನಿಂದ ಬಿದ್ದು ಮಿದುಳು ನಿಷ್ಕ್ರಿಯವಾದ ಪಿಯು ವಿದ್ಯಾರ್ಥಿನಿಯ ಅಂಗಾಂಗಗಳನ್ನು ಹೆತ್ತವರು ದಾನ ಮಾಡಿದರು. ಹೃದಯ ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಹೋಯಿತು. ಆ ಅಪ್ಪ ಅಮ್ಮನನ್ನು ನೆನೆದರೆ ಈಗಲೂ ಗೆಳೆಯ ಕೈ ಮುಗಿಯುತ್ತಾನೆ.

ಮಿಷನ್ನಿನ ಪಕ್ಕ ಅವನು ಓದುತ್ತಾನೆ. ಯು. ಆರ್. ಅನಂತಮೂರ್ತಿಯವರು ಕೊನೆಯ ವರ್ಷಗಳಲ್ಲಿ ಡಯಾಲಿಸಿಸ್ ನಡುವೆಯೇ ಬರೆದರು. 2014ರ ಆಗಸ್ಟ್ 22ರಂದು ತೀರಿಕೊಂಡ ಮೇಲೆ ‘ಹಿಂದುತ್ವ ಅಥವಾ ಹಿಂದ್ ಸ್ವರಾಜ್’ ಪ್ರಕಟವಾಯಿತು. ಅದನ್ನು ಅವನಿಗೆ ತಂದುಕೊಟ್ಟಿದ್ದೆ. ಪುಸ್ತಕದ ವಾದಕ್ಕಿಂತ, ಆ ಸುಸ್ತಿನಲ್ಲಿ ಬರೆಯಲು ಕೂರುವುದೆಂದರೇನು ಎಂಬುದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ನಿಮ್ಮೂರಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅವರ ಮನೆಗೆ ಹಣ್ಣು ಒಯ್ಯಬೇಡಿ, ಕಾಫಿಗೆ ಒತ್ತಾಯ ಮಾಡಬೇಡಿ. ವಾರದಲ್ಲಿ ಒಂದು ಸರದಿಯನ್ನು ನಿಮ್ಮ ಪಾಲಿಗೆ ಕೇಳಿ ಪಡೆಯಿರಿ: ಬೆಳಿಗ್ಗೆ ಕರೆದುಕೊಂಡು ಹೋಗಿ, ನಾಲ್ಕು ಗಂಟೆ ಹೊರಗೆ ಕಾದು, ಮನೆ ಮುಟ್ಟಿಸಿ ಬನ್ನಿ. ಕಾಯುವ ಹೊತ್ತಿನಲ್ಲಿ ಅದೇ ಆಸ್ಪತ್ರೆಯಲ್ಲಿ ನಿಮ್ಮ ಬಿಪಿ, ಸಕ್ಕರೆಯನ್ನೂ ನೋಡಿಸಿಕೊಳ್ಳಿ.