ಹೊಸ ಹಾರ್ಡ್ ಡಿಸ್ಕ್ ಸದ್ದು ಮಾಡಿದರೆ ಹೆದರಬೇಕೆ?



ಹಳ್ಳಿಗಳಲ್ಲಿ ಗಣಕಯಂತ್ರ ಈಗ ಹೊಸ ವಸ್ತುವಲ್ಲ. ಹಾಲು ಉತ್ಪಾದಕರ ಸಂಘದಲ್ಲಿ ಪ್ರತಿದಿನದ ಹಾಲಿನ ಅಳತೆ, ಜಿಡ್ಡಿನ ಅಂಶ, ಬಟವಾಡೆಯ ಲೆಕ್ಕ ಅದರಲ್ಲಿಯೇ ನಡೆಯುತ್ತದೆ. ಸ್ವಸಹಾಯ ಸಂಘದ ಸಾಲದ ಕಂತು, ಶಾಲೆಯ ಅಂಕಪಟ್ಟಿ, ಮನೆಯ ಮದುವೆಯ ಭಾವಚಿತ್ರ ಇವೂ ಅದರಲ್ಲಿ ಸೇರಿವೆ. ಇವೆಲ್ಲವನ್ನೂ ಹೊತ್ತಿರುವುದು ಒಳಗಿನ ಒಂದು ಸಣ್ಣ ಪೆಟ್ಟಿಗೆ, ಅದೇ ಹಾರ್ಡ್ ಡಿಸ್ಕ್.

ಹಳೆಯದು ತುಂಬಿತೆಂದು ಹೊಸದನ್ನು ತಂದು ಜೋಡಿಸುತ್ತೀರಿ. ಅದು 'ಗುಂಯ್' ಎನ್ನುತ್ತದೆ, ಆಗಾಗ 'ಕಟಕಟ' ಎನ್ನುತ್ತದೆ. ಹಳೆಯದು ಇಷ್ಟು ಗಲಾಟೆ ಮಾಡುತ್ತಿರಲಿಲ್ಲವಲ್ಲ, ಅಂಗಡಿಯವನು ಕೆಟ್ಟ ಮಾಲು ಕೊಟ್ಟನೋ ಏನೋ ಎಂಬ ಶಂಕೆ ಹುಟ್ಟುತ್ತದೆ. ಈ ಶಂಕೆ ಸಹಜವೇ. ಪಂಪ್‌ಸೆಟ್ಟಿನ ಸದ್ದು ಕೇಳಿಯೇ ಬೇರಿಂಗ್ ಸವೆದಿದೆಯೆಂದು ಹೇಳಬಲ್ಲವರು ನೀವು. ಆ ಕಿವಿಯನ್ನು ಇಲ್ಲಿಯೂ ಉಪಯೋಗಿಸಬಹುದು. ಆದರೆ ಯಾವುದು ದುಡಿಮೆಯ ಸದ್ದು, ಯಾವುದು ಬೇನೆಯ ಸದ್ದು ಎಂಬುದನ್ನು ಮೊದಲು ತಿಳಿಯಬೇಕು.

ಪೆಟ್ಟಿಗೆಯ ಒಳಗೆ ಏನಿದೆ?

ಹಾರ್ಡ್ ಡಿಸ್ಕಿನೊಳಗೆ ಗ್ರಾಮೊಫೋನ್ ತಟ್ಟೆಯನ್ನು ಹೋಲುವ, ಕನ್ನಡಿಯಂತೆ ನುಣುಪಾದ ತಟ್ಟೆಗಳಿವೆ. ಅವುಗಳ ಮೇಲೆ ತೆಳುವಾದ ಕಾಂತೀಯ ಲೇಪವಿದೆ. ಒಂದು ಸಣ್ಣ ಮೋಟಾರು ಈ ತಟ್ಟೆಗಳನ್ನು ಬುಗುರಿಯಂತೆ ತಿರುಗಿಸುತ್ತದೆ. ಸಾಮಾನ್ಯ ವೇಗ ನಿಮಿಷಕ್ಕೆ 5,400 ಅಥವಾ 7,200 ಸುತ್ತು. 7,200 ಎಂದರೆ ಸೆಕೆಂಡಿಗೆ 120 ಸುತ್ತು. ಮೇಜಿನ ಗಣಕಯಂತ್ರದ ಡಿಸ್ಕಿನಲ್ಲಿ ತಟ್ಟೆಯ ಅಂಚು ಆಗ ಗಂಟೆಗೆ 120 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ.

ಓದಿ ಬರೆಯುವ ಕೆಲಸ ಒಂದು ತೋಳಿನ ತುದಿಯಲ್ಲಿರುವ ಪುಟ್ಟ 'ಹೆಡ್'ನದು. ಗ್ರಾಮೊಫೋನಿನ ಮುಳ್ಳಿನಂತೆ ಇದು ತಟ್ಟೆಯನ್ನು ಮುಟ್ಟುವುದಿಲ್ಲ. ನಮ್ಮ ತಲೆಗೂದಲಿನ ದಪ್ಪದ ಸುಮಾರು ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಎತ್ತರದಲ್ಲಿ ತೇಲುತ್ತಾ, ಸೆಕೆಂಡಿಗೆ ಹತ್ತಾರು ಬಾರಿ ಅತ್ತಿಂದಿತ್ತ ಹಾರುತ್ತದೆ.

ಈ ಯಂತ್ರ 1956ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯಿಂದ ಮೊದಲು ಹೊರಬಂದಾಗ ಅದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟಿದ್ದೂ ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ ಮಾತ್ರ. ಇಂದು ಅಂಗೈಯಗಲದ ಡಿಸ್ಕು ಅದರ ಲಕ್ಷಾಂತರ ಪಟ್ಟು ಹಿಡಿಯುತ್ತದೆ. ಆದರೂ ತಿರುಗುವ ತಟ್ಟೆ, ಹಾರುವ ತೋಳು ಇವೆರಡೂ ಹಾಗೆಯೇ ಉಳಿದಿವೆ. ತಿರುಗುವುದೂ ಹಾರುವುದೂ ಇದ್ದಲ್ಲಿ ಸದ್ದು ಇದ್ದೇ ಇರುತ್ತದೆ.

ಹೆದರಬೇಕಿಲ್ಲದ ಸದ್ದುಗಳು

ಯಂತ್ರ ಹಾಕಿದೊಡನೆ ಏರುತ್ತಾ ಹೋಗಿ ಒಂದೇ ಶ್ರುತಿಯಲ್ಲಿ ನಿಲ್ಲುವ 'ಗುಂಯ್' ಎಂಬುದು ತಟ್ಟೆಗಳು ವೇಗ ಪಡೆದ ಸದ್ದು. ಕಡತ ತೆರೆಯುವಾಗ, ನಕಲು ಮಾಡುವಾಗ ಕೇಳುವ, ತಾಳವಿಲ್ಲದ 'ಕಟಕಟ' ಎಂಬುದು ತೋಳು ಹಾರುವ ಸದ್ದು. ಕೆಲಸ ಹೆಚ್ಚಾದಷ್ಟು ಇದೂ ಹೆಚ್ಚುತ್ತದೆ. ಕೆಲಸ ಮುಗಿದು ಹೆಡ್ ತನ್ನ ತಂಗುದಾಣಕ್ಕೆ ಮರಳುವಾಗ 'ಟಕ್' ಎಂಬ ಒಂದೇ ಸದ್ದು ಬರಬಹುದು.

ಕರೆಂಟು ಹಠಾತ್ತನೆ ಹೋದಾಗ ಈ 'ಟಕ್' ಜೋರಾಗಿರುತ್ತದೆ. ತಿರುಗುತ್ತಿರುವ ತಟ್ಟೆಗಳ ಓಟದಿಂದಲೇ ಕ್ಷಣಕಾಲ ವಿದ್ಯುತ್ತು ಪಡೆದು, ಡಿಸ್ಕು ತನ್ನ ಹೆಡ್ಡನ್ನು ಅವಸರದಲ್ಲಿ ಕ್ಷೇಮಸ್ಥಳಕ್ಕೆ ಎಳೆದುಕೊಳ್ಳುತ್ತದೆ. ಇದು ಅದರ ಜಾಣ್ಮೆ, ದೋಷವಲ್ಲ. ಹೆಚ್ಚು ಸಾಮರ್ಥ್ಯದ ಕೆಲವು ಡಿಸ್ಕುಗಳು ಸುಮ್ಮನಿರುವಾಗಲೂ ಕೆಲವು ಸೆಕೆಂಡಿಗೊಮ್ಮೆ ಮೆಲ್ಲಗೆ 'ದಡ್' ಎನ್ನುತ್ತವೆ. ಹೆಡ್ ಒಂದೇ ಜಾಗದಲ್ಲಿ ನಿಂತು ಸವೆತವಾಗದಿರಲೆಂದು ತಯಾರಕರೇ ಮಾಡಿಟ್ಟ ಏರ್ಪಾಡು ಅದು.

ಕೆಲವೊಮ್ಮೆ ಡಿಸ್ಕಿನದು ಪಿಸುಮಾತು, ಅದನ್ನು ಕೂಗಾಗಿ ಮಾಡುವುದು ತಗಡಿನ ಪೆಟ್ಟಿಗೆ. ಸ್ಕ್ರೂ ಸಡಿಲವಿದ್ದರೆ, ಮೇಜು ಟೊಳ್ಳಾಗಿದ್ದರೆ ಸದ್ದು ಇಮ್ಮಡಿಯಾಗುತ್ತದೆ. ನಾಲ್ಕೂ ಸ್ಕ್ರೂ ಬಿಗಿದು, ಪೆಟ್ಟಿಗೆಯ ಅಡಿಗೆ ರಬ್ಬರಿನ ತುಂಡು ಇಟ್ಟು ನೋಡಿರಿ. ಇನ್ನೊಂದು ಮಾತು: ನೀವು ತಂದದ್ದು ಎಸ್‌ಎಸ್‌ಡಿ ಎಂಬ ಬಗೆಯದಾದರೆ ಅದರಲ್ಲಿ ತಿರುಗುವ ಭಾಗವೇ ಇಲ್ಲ. ಆಗ ಸದ್ದು ಹೆಚ್ಚಾಗಿ ಫ್ಯಾನಿನದೇ ಆಗಿರುತ್ತದೆ.

ಎಚ್ಚರಿಕೆಯ ಸದ್ದುಗಳು

ಈ ನಾಲ್ಕನ್ನು ಮಾತ್ರ ಅಲಕ್ಷ್ಯ ಮಾಡಬೇಡಿರಿ.

1. ಗಡಿಯಾರದಂತೆ ತಾಳಬದ್ಧವಾಗಿ 'ಟಕ್, ಟಕ್, ಟಕ್' ಎಂದು ಬಡಿಯುತ್ತಿದ್ದು, ಡಿಸ್ಕು ಗಣಕಯಂತ್ರಕ್ಕೆ ಕಾಣಿಸದಿರುವುದು ಅಥವಾ ಕಡತ ತೆರೆಯಲು ಬಹಳ ಹೊತ್ತು ಹಿಡಿಯುವುದು. ಹೆಡ್ ತನ್ನ ಜಾಗ ಸಿಗದೆ ಮತ್ತೆ ಮತ್ತೆ ತಡಕಾಡುತ್ತಿದೆ ಎಂದು ಇದರ ಅರ್ಥ.

2. ಬೀಸುವ ಕಲ್ಲಿಗೆ ಮರಳು ಸಿಕ್ಕಂತೆ 'ಕರ್ರ್' ಎಂದು ಉಜ್ಜುವ ಸದ್ದು. ಹೆಡ್ ತಟ್ಟೆಯನ್ನು ಮುಟ್ಟಿರಬಹುದು, ಬೇರಿಂಗ್ ಕೆಟ್ಟಿರಬಹುದು.

3. ತಟ್ಟೆ ತಿರುಗಲು ಹೊರಟು ನಿಂತು, ಮತ್ತೆ ಹೊರಟು ನಿಲ್ಲುವುದು.

4. 'ಬೀಪ್, ಬೀಪ್' ಎನ್ನುವುದು. ಕೇಬಲ್ಲಿನ ಮೂಲಕವೇ ವಿದ್ಯುತ್ತು ಪಡೆಯುವ ಸಣ್ಣ ಹೊರಡಿಸ್ಕುಗಳಲ್ಲಿ ಇದು ಎಷ್ಟೋ ಸಲ ವಿದ್ಯುತ್ತು ಸಾಲದ ಲಕ್ಷಣ. ಮೊದಲು ಕೇಬಲ್ ಬದಲಿಸಿ, ಬೇರೆ ಕಿಂಡಿಗೆ ಜೋಡಿಸಿ ನೋಡಿರಿ. ಆಗಲೂ ನಿಲ್ಲದಿದ್ದರೆ ತಟ್ಟೆ ಸಿಕ್ಕಿಕೊಂಡಿದೆ ಎಂದು ತಿಳಿಯಬಹುದು.

ಡಿಸ್ಕು ಹೊಸದು, ಅದರಲ್ಲಿ ಏನನ್ನೂ ತುಂಬಿಲ್ಲವೆಂದರೆ ದಾರಿ ಸುಲಭ: ರಸೀದಿಯೊಡನೆ ಅಂಗಡಿಗೆ ಹಿಂತಿರುಗಿಸಿರಿ. ಬೇಕಾದ ಲೆಕ್ಕಗಳು ಅದರಲ್ಲಿ ಆಗಲೇ ಸೇರಿದ್ದರೆ ಒಡನೆಯೇ ಯಂತ್ರ ಆರಿಸಿರಿ. ಮತ್ತೆ ಮತ್ತೆ ಹಾಕಿ ನೋಡಿದಷ್ಟೂ ತಟ್ಟೆಗೆ ಗೀರು ಬಿದ್ದು, ಉಳಿಸಬಹುದಾಗಿದ್ದುದೂ ಹೋಗುತ್ತದೆ. ತಟ್ಟುವುದು, ಕುಲುಕುವುದು, ಬಿಚ್ಚಿ ನೋಡುವುದು ಯಾವುದೂ ಸಲ್ಲದು. ಹೆಡ್ ತೇಲುವ ಅಂತರಕ್ಕೆ ಹೋಲಿಸಿದರೆ ಒಂದು ಧೂಳಿನ ಕಣವೂ ಬಂಡೆಯೇ. ಮಾಹಿತಿ ಹೊರತೆಗೆಯುವ ಕೆಲಸ ಬಲ್ಲವರ ಬಳಿಗೆ ಹಾಗೆಯೇ ಒಯ್ಯಿರಿ.

ಬಿತ್ತುವ ಮುನ್ನ ಮೊಳಕೆ ಪರೀಕ್ಷೆ

ಬೀಜ ತಂದೊಡನೆ ಹೊಲಕ್ಕೆ ಚೆಲ್ಲುವವರಿಲ್ಲ. ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಎಷ್ಟು ಮೊಳೆತವೆಂದು ಎಣಿಸಿ, ಆಮೇಲೆ ಬಿತ್ತುತ್ತೀರಿ. ಹೊಸ ಡಿಸ್ಕಿಗೂ ಇಂಥದೇ ಪರೀಕ್ಷೆ ಬೇಕು. ಸದ್ದು ಕೇಳಿ ಊಹಿಸುವುದಕ್ಕಿಂತ ಇದು ಮೇಲು.

ಡಿಸ್ಕು ಖಾಲಿಯಿರುವಾಗಲೇ ಅದನ್ನು ಪೂರ್ತಿಯಾಗಿ ಫಾರ್ಮ್ಯಾಟ್ ಮಾಡಿರಿ. ವಿಂಡೋಸ್‌ನಲ್ಲಿ 'ಕ್ವಿಕ್ ಫಾರ್ಮ್ಯಾಟ್' ಎಂಬಲ್ಲಿನ ಗುರುತನ್ನು ತೆಗೆದರೆ ಡಿಸ್ಕಿನ ಮೂಲೆಮೂಲೆಯ ತಪಾಸಣೆಯೂ ಆಗುತ್ತದೆ. ಇದಕ್ಕೆ ಹಲವು ಗಂಟೆ ಬೇಕು, ದೊಡ್ಡ ಡಿಸ್ಕಿಗೆ ಒಂದು ದಿನವೇ ಹಿಡಿಯಬಹುದು. ಫಾರ್ಮ್ಯಾಟ್ ಎಂದರೆ ಇರುವುದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ಮರೆಯದಿರಿ. ಯಾವ ಡಿಸ್ಕನ್ನು ಆರಿಸಿದ್ದೀರಿ ಎಂದು ಎರಡು ಸಲ ನೋಡಿರಿ.

ಬಳಿಕ 'ಸ್ಮಾರ್ಟ್' ಎಂಬ ಆರೋಗ್ಯಪಟ್ಟಿಯನ್ನು ನೋಡಿರಿ. ಡಿಸ್ಕು ತನ್ನ ದೋಷಗಳನ್ನು ತಾನೇ ಬರೆದಿಡುವ ಪಟ್ಟಿ ಇದು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಇದನ್ನು ತೋರಿಸುತ್ತದೆ. ಅದರಲ್ಲಿ 05 ಮತ್ತು ಸಿ5 ಎಂಬ ಎರಡು ಸಾಲುಗಳ ಕೊನೆಯ ಅಂಕಣ ಮುಖ್ಯ. ಮೊದಲನೆಯದು ಕೆಟ್ಟುಹೋದ್ದರಿಂದ ಬದಲಿ ಕೊಟ್ಟ ಜಾಗಗಳ ಎಣಿಕೆ, ಎರಡನೆಯದು ಓದಲು ತೊಡಕಾಗಿ ಅನುಮಾನದಲ್ಲಿರುವ ಜಾಗಗಳ ಎಣಿಕೆ. ಹೊಸ ಡಿಸ್ಕಿನಲ್ಲಿ ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಸದ್ದಿಲ್ಲದಿದ್ದರೂ ಹಿಂತಿರುಗಿಸಿರಿ. ಅಂಗಡಿಯವರು ಬದಲಾಯಿಸಿಕೊಡುವ ಅವಧಿ ಮುಗಿಯುವ ಮೊದಲೇ ಈ ಕೆಲಸ ಆಗಬೇಕು.

ಸದ್ದಿಲ್ಲದಿದ್ದರೆ ಕ್ಷೇಮವೇ?

ಇಲ್ಲಿಯೇ ಹೆಚ್ಚಿನವರು ಮೋಸಹೋಗುವುದು. 2007ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅನುಭವವನ್ನು ಪ್ರಕಟಿಸಿದರು. ತಪಾಸಣೆಯಲ್ಲಿ ಒಮ್ಮೆ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚೆಂದು ಕಂಡುಬಂತು. ಆದರೆ ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಆರೋಗ್ಯಪಟ್ಟಿಯ ನಾಲ್ಕು ಮುಖ್ಯ ಎಚ್ಚರಿಕೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಎಂದರೆ, ಎಚ್ಚರಿಕೆ ಬಂದರೆ ನಂಬಬೇಕು, ಬರಲಿಲ್ಲವೆಂದು ಮೈಮರೆಯಬಾರದು.

ಸದ್ದು ಮಾಡುವ ಡಿಸ್ಕು ಹತ್ತು ವರ್ಷ ಬಾಳಬಹುದು, ಸದ್ದಿಲ್ಲದ್ದು ನಾಳೆ ಬೆಳಿಗ್ಗೆ ಏಳದಿರಬಹುದು. ಗ್ಯಾರಂಟಿ ಅವಧಿಯಲ್ಲಿ ಕೆಟ್ಟರೆ ತಯಾರಕರು ಡಿಸ್ಕು ಬದಲಿಸಿಕೊಡುತ್ತಾರೆ, ಅದರಲ್ಲಿದ್ದ ಲೆಕ್ಕವನ್ನಲ್ಲ. ನಿಮ್ಮ ಪಹಣಿಗೆ ಈ ಭಯವಿಲ್ಲ. ಅದು ಸರ್ಕಾರದ 'ಭೂಮಿ' ವ್ಯವಸ್ಥೆಯಲ್ಲಿ ಬೇರೆಯೇ ಇದೆ. ಆದರೆ ಸಂಘದ ಗಣಕಯಂತ್ರದಲ್ಲಿ ಮಾತ್ರ ಇರುವ ಬಟವಾಡೆ ಲೆಕ್ಕ ಹೋದರೆ ಯಾರಿಗೆಷ್ಟು ಕೊಡಬೇಕೆಂದು ಹೇಳುವವರಾರು? ಊರಿನ ನಂಬಿಕೆಯೇ ಅಲುಗುತ್ತದೆ.

ಇಡುವ ರೀತಿ

ಡಿಸ್ಕು ತಿರುಗುತ್ತಿರುವಾಗ ಎತ್ತಿ ಸರಿಸಬೇಡಿರಿ. ಹಿಟ್ಟಿನ ಗಿರಣಿಯ ಗೋಡೆಗೆ ತಾಗಿಸಿ, ಧ್ವನಿವರ್ಧಕದ ಎದುರಿಗೆ ಇಡಬೇಡಿರಿ. ಸದ್ದು ಮಾಡುವ ಡಿಸ್ಕಿಗೆ ಹೊರಗಿನ ಸದ್ದು ಶತ್ರು. 2016ರಲ್ಲಿ ರುಮೇನಿಯಾದ ಬುಕಾರೆಸ್ಟ್ ನಗರದ ಒಂದು ಬ್ಯಾಂಕಿನಲ್ಲಿ ಬೆಂಕಿ ನಂದಿಸುವ ಅನಿಲದ ತಾಲೀಮು ನಡೆದಾಗ, ಅನಿಲ ಚಿಮ್ಮಿದ ಭಾರಿ ಸದ್ದಿನ ಕಂಪನಕ್ಕೇ ಡಿಸ್ಕುಗಳು ಕೆಟ್ಟು, ಬ್ಯಾಂಕಿನ ಸೇವೆ ಗಂಟೆಗಟ್ಟಲೆ ನಿಂತಿತು. ವಿದ್ಯುತ್ತು ಹೋಗಿಬಂದು ಮಾಡುವ ಊರಿನಲ್ಲಿ ಯುಪಿಎಸ್ ಇರಲಿ. ಡಿಸ್ಕಿನ ಮೈಮೇಲೆ ಗಾಳಿಯಾಡಲು ಬಿಟ್ಟ ಸಣ್ಣ ರಂಧ್ರವಿದ್ದರೆ ಅದರ ಮೇಲೆ ಚೀಟಿ ಅಂಟಿಸಬೇಡಿರಿ.

ಕೊನೆಯ ಮಾತು

ಬೇಕಾದ ಲೆಕ್ಕಕ್ಕೆ ಮೂರು ಪ್ರತಿ ಇರಲಿ: ಒಂದು ಗಣಕಯಂತ್ರದಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ವಾರಕ್ಕೊಂದು ದಿನ ಗೊತ್ತುಮಾಡಿ, ಯಾರು ಪ್ರತಿ ತೆಗೆಯಬೇಕೆಂಬುದನ್ನು ಸಂಘದ ಸಭೆಯಲ್ಲಿಯೇ ತೀರ್ಮಾನಿಸಿರಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು, ಓದಲು ಬರುತ್ತದೆಯೇ ಎಂದು ನೋಡಿರಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟರೆ ಫಲವಿಲ್ಲ. ಹೊಸ ಡಿಸ್ಕು ಸದ್ದು ಮಾಡಿತೆಂದು ಹೆದರುವ ಮೊದಲು, ಸದ್ದಿಲ್ಲದ ಹಳೆಯ ಡಿಸ್ಕಿನಲ್ಲಿರುವ ಲೆಕ್ಕಕ್ಕೆ ಎರಡನೆಯ ಪ್ರತಿ ಇದೆಯೇ ಎಂದು ಇಂದೇ ವಿಚಾರಿಸಿರಿ.