ಪೊಂಬುಚ್ಚದ ಚಟ್ಟಲದೇವಿ

ಕೋಣಂದೂರಿನಿಂದ ಅನತಿದೂರದಲ್ಲಿರುವ ಹುಂಚವು ಸಾಂತರರ ರಾಜಧಾನಿಯಾದ ಪೊಂಬುಚ್ಚಪುರವೆಂಬುದು ಸುವಿದಿತವಾದ ಸಂಗತಿ. ಅಲ್ಲಿಯ ಪಂಚಕೂಟಬಸದಿಯನ್ನು ಕಟ್ಟಿಸಿದ ಚಟ್ಟಲದೇವಿಯ ಹೆಸರನ್ನೂ ಅನೇಕರು ಕೇಳಿರುವರು. ಆದರೆ ಈಕೆಯನ್ನು ಕೇವಲ ದಾನಶೀಲೆಯೆಂದು ಕೊಂಡಾಡಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಈಕೆಯು ರಾಜ್ಯಭಾರದಲ್ಲಿ ಎಷ್ಟರ ಮಟ್ಟಿಗೆ ಪಾಲುಗೊಂಡಿದ್ದಳೆಂಬುದನ್ನು ಶಾಸನಗಳ ಆಧಾರದಿಂದ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮುಖ್ಯವಾದ ಆಧಾರವು ಪಂಚಬಸದಿಯ ಅಂಗಳದಲ್ಲಿರುವ ಶಕ 999ರ, ಎಂದರೆ ಕ್ರಿ. ಶ. 1077ರ ಶಾಸನ. ರೈಸರು ಇದನ್ನು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ನಗರ ತಾಲ್ಲೂಕಿನ 35ನೆಯ ಶಾಸನವಾಗಿ ಪ್ರಕಟಿಸಿದರು. (ಆ ತಾಲ್ಲೂಕೇ ಇಂದಿನ ಹೊಸನಗರ.) ಇದರಿಂದ ತಿಳಿಯುವುದೇನೆಂದರೆ: ಚಟ್ಟಲದೇವಿಯು ಗಂಗರ ಮನೆತನದವಳು, ರಕ್ಕಸಗಂಗನ ವಂಶದಲ್ಲಿ ಹುಟ್ಟಿದವಳು. ತೊಂಡನಾಡಿನ ಕಾಡುವೆಟ್ಟಿಗೆ ಆಕೆಯನ್ನು ಕೊಟ್ಟು ವಿವಾಹವಾಗಿದ್ದಿತು. ತಂಗಿಯಾದ ಬೀರಲದೇವಿಯು ವೀರಸಾಂತರನ ಅರಸಿಯಾದಳು. ಬಳಿಕ ಅಕ್ಕನು ಪತಿಯನ್ನು ಕಳೆದುಕೊಂಡಳು. ತಂಗಿಯೂ ತೀರಿಹೋಗಲು, ಆಕೆಯ ಮಕ್ಕಳಾದ ತೈಲ, ಗೊಗ್ಗಿಗ, ಒಡ್ಡಿಗ, ಬರ್ಮ ಎಂಬ ನಾಲ್ವರನ್ನು ಚಟ್ಟಲದೇವಿಯು ತನ್ನ ಮಕ್ಕಳೆಂದೇ ಭಾವಿಸಿದಳು. ಇವರಲ್ಲಿ ಹಿರಿಯನು ಭುಜಬಲಸಾಂತರನೆಂದೂ ಎರಡನೆಯವನು ನನ್ನಿಸಾಂತರನೆಂದೂ ಮೂರನೆಯವನು ವಿಕ್ರಮಸಾಂತರನೆಂದೂ ಹೆಸರುಗೊಂಡರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಸಾಂತಳಿಗೆ ಸಾಸಿರದ ಪಟ್ಟವು ಚಟ್ಟಲದೇವಿಗೆ ಆದುದಲ್ಲ; ಆಳಿಕೆಯ ಬಿರುದುಗಳೆಲ್ಲವೂ ಸಾಂತರರಿಗೆ ಸಲ್ಲುವುವು, ಅವರ ಮೇಲೆ ಚಾಳುಕ್ಯ ಚಕ್ರವರ್ತಿಯಿದ್ದನು. ಶಿಕಾರಿಪುರದ ಸೀಮೆಯ ಬಂದಣಿಕೆಯ ಶಾಸನದಲ್ಲಿ ಕಾಣುವ ಜಕ್ಕಿಯಬ್ಬೆಯ ಸ್ಥಿತಿಯು ಬೇರೆ. ಹತ್ತನೆಯ ಶತಮಾನದ ಆರಂಭದಲ್ಲಿ ಆಕೆಯ ಗಂಡನಾದ ನಾಗಾರ್ಜುನನು ಮಡಿಯಲು, ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆಯನ್ನು ಆಕೆಗೇ ವಹಿಸಲಾಯಿತು. ಅಧಿಕಾರವು ಹೆಸರಿನಲ್ಲಿಯೂ ಕೃತ್ಯದಲ್ಲಿಯೂ ಆಕೆಯದೇ. ಚಟ್ಟಲದೇವಿಯನ್ನು ಅದೇ ಅರ್ಥದಲ್ಲಿ ರಾಣಿಯೆಂದು ಕರೆಯುವುದು ಆಧಾರಕ್ಕೆ ಮಿಗಿಲಾದ ಮಾತು.

ಹಾಗೆಂದು ಆಕೆಯನ್ನು ಅರಮನೆಯ ಮೂಲೆಯಲ್ಲಿ ಕುಳಿತ ವಿಧವೆಯೆಂದು ಎಣಿಸುವುದೂ ಸಲ್ಲದು. ಕೆರೆ, ಬಾವಿ, ಬಸದಿ, ದೇಗುಲ, ಅರವಟ್ಟಿಗೆ, ಸತ್ರ, ತೋಪು ಇವುಗಳನ್ನು ಆಕೆಯು ಮಾಡಿಸಿದುದು ಶಾಸನೋಕ್ತವಾಗಿದೆ. ಮಳೆಗಾಲ ಮುಗಿದೊಡನೆ ನೀರಿಗಾಗಿ ಕೆರೆಯನ್ನೇ ನೋಡುವ ಈ ನಾಡಿನಲ್ಲಿ ಕೆರೆ ಕಟ್ಟಿಸುವುದು ಪುಣ್ಯದ ಕೆಲಸವಷ್ಟೇ ಆಗಿರಲಿಲ್ಲ. ನೆಲವನ್ನು ಗೊತ್ತುಮಾಡಬೇಕು, ಆಳುಗಳನ್ನು ಸೇರಿಸಬೇಕು, ನೀರು ಯಾರ ಗದ್ದೆಗೆ ಮೊದಲೆಂಬುದನ್ನು ನಿರ್ಣಯಿಸಬೇಕು. ಇವೆಲ್ಲವೂ ಆಳ್ವಿಕೆಯ ಅಂಗಗಳೇ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಕಟ್ಟಳೆಯ ವಿಷಯ. ಶಾಸನವೆಂಬ ಶಬ್ದಕ್ಕೆ ಆಜ್ಞೆಯೆಂಬುದೇ ಮೊದಲ ಅರ್ಥ. ಕಲ್ಲಿನ ಮೇಲಣ ಬರೆಹವೆಂಬುದು ಆಮೇಲೆ ಬಂದುದು. ದತ್ತಿಯ ಶಾಸನವು ಭೂಮಿಯ ಎಲ್ಲೆಯನ್ನು ಹೇಳುವುದು, ತೆರಿಗೆಯ ವಿನಾಯಿತಿಯನ್ನು ವಿಧಿಸುವುದು, ಮುಂದಿನ ಅರಸರನ್ನೂ ಬದ್ಧರನ್ನಾಗಿಸುವುದು. ಅಪಹರಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುವುದೆಂಬ ಶಾಪೋಕ್ತಿಯು, ದಂಡಿಸುವ ಕೈ ಇಲ್ಲದ ಕಾಲದಲ್ಲಿಯೂ ಆ ಕಟ್ಟಳೆಯು ನಿಲ್ಲಬೇಕೆಂದು ಹೂಡಿದ ಉಪಾಯ. ಗುರುಗಳ ಆಹಾರಕ್ಕೂ ಬಸದಿಯ ಜೀರ್ಣೋದ್ಧಾರಕ್ಕೂ ಇಂಥ ವ್ಯವಸ್ಥೆಯನ್ನು ಮಕ್ಕಳೊಡನೆ ನಿಂತು ಮಾಡಿದವಳನ್ನು ಕಟ್ಟಳೆಯ ಕರ್ತೃಗಳಲ್ಲಿ ಒಬ್ಬಳೆಂದರೆ ಅತಿಶಯವಾಗದು.

ಪಂಚಕೂಟಬಸದಿಗೆ ಉರ್ವೀತಿಲಕವೆಂಬ ಹೆಸರೂ ಉಂಟು. ಆಕೆಯ ಗುರುಗಳು ದ್ರವಿಡಸಂಘದ ನಂದಿಗಣ, ಅರುಂಗುಳಾನ್ವಯಕ್ಕೆ ಸೇರಿದ ಶ್ರೀವಿಜಯ ಒಡೆಯದೇವರು. ತಂದೆ ಅರುಮುಳಿದೇವ, ತಾಯಿ ಗಾವಬ್ಬರಸಿ, ತಂಗಿ ಬೀರಲದೇವಿ ಮೊದಲಾದವರ ಪುಣ್ಯಾರ್ಥವಾಗಿ ಬಸದಿಯನ್ನು ನಿರ್ಮಿಸಿದುದನ್ನು ನೋಡಿದರೆ, ಗಂಗರ ಮನೆಯ ನೆನಪನ್ನು ಸಾಂತರರ ರಾಜಧಾನಿಯಲ್ಲಿ ನೆಲೆಗೊಳಿಸುವ ಉದ್ದೇಶವೂ ಆಕೆಗಿದ್ದಿತೆಂದು ತೋರುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ದಾನಸಾಲೆಯ 1103ರ ಶಾಸನದಲ್ಲಿ ಆಕೆಯು ಪುನಃ ಕಾಣಿಸಿಕೊಳ್ಳುತ್ತಾಳೆ. ಬೀರಬ್ಬರಸಿಯ ಸ್ಮರಣಾರ್ಥವಾಗಿ ಆನಂದೂರಿನಲ್ಲಿ ಬಸದಿಗೆ ಅಡಿಗಲ್ಲಿಡುವಾಗ ತ್ರಿಭುವನಮಲ್ಲ ಸಾಂತರನೊಡನೆ ಆಕೆಯೂ ಇದ್ದಳು. ಅಲ್ಲಿ ಹೆಸರಿಸಿದ ಗುರುಗಳು ವಾದಿಘರಟ್ಟ ಅಜಿತಸೇನ ಪಂಡಿತದೇವರು. ಮೊದಲ ಶಾಸನಕ್ಕೂ ಇದಕ್ಕೂ 26 ವರ್ಷಗಳ ಅಂತರ. ಸಾಕಿದ ಮಕ್ಕಳು ಅರಸರಾಗಿ ಪ್ರೌಢರಾದ ಮೇಲೆಯೂ ಆಕೆಯ ಹೆಸರು ಶಾಸನದಿಂದ ಬಿಟ್ಟುಹೋಗಲಿಲ್ಲ. ಉರ್ವೀತಿಲಕದ ಬಡಗಣ ಪಟ್ಟಸಾಲೆಯನ್ನು ಮುಂದೆ ಕಟ್ಟಿಸಿದವರಲ್ಲಿಯೂ ಸಾಂತರಕುಲದ ಸ್ತ್ರೀಯೊಬ್ಬಳಿದ್ದಾಳೆ. ಆಕೆಯೇ ತೈಲನ ಮಗಳಾದ ಪಂಪಾದೇವಿ, ಶಾಸನದ ಕಾಲ 1147.