ಫಾರ್ಮ್ಯಾಟ್ ಹೊಡೆಸುವ ಮುನ್ನ

ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಯಾರ ಮುಂದಾದರೂ ಹೇಳಿ ನೋಡಿ. ‘ವೈರಸ್ ಬಂದಿರ್ಬೇಕು, ಒಂದ್ಸಲ ಫಾರ್ಮ್ಯಾಟ್ ಹೊಡೆಸಿಬಿಡಿ’ ಎಂಬ ಸಲಹೆ ತಕ್ಷಣ ಸಿಗುತ್ತದೆ. ಫಾರ್ಮ್ಯಾಟ್ ಹೊಡೆಸಿ ಹೊಸದಾಗಿ ವಿಂಡೋಸ್ ಹಾಕಿಸಿದರೆ ನಾಲ್ಕು ದಿನ ಚುರುಕಾಗಿ ಓಡುವುದೂ ನಿಜ. ಆಮೇಲೆ ಅಪ್‌ಡೇಟ್‌ಗಳು ಇಳಿಯುತ್ತವೆ, ಬ್ರೌಸರ್ ಬರುತ್ತದೆ, ಆ್ಯಂಟಿವೈರಸ್ ಬರುತ್ತದೆ. ಯಂತ್ರ ಮತ್ತೆ ತೆವಳತೊಡಗುತ್ತದೆ. ಮನೆಯವರು ಹೊಸ ಲ್ಯಾಪ್‌ಟಾಪಿನ ಬೆಲೆ ವಿಚಾರಿಸಲು ಶುರುಮಾಡುತ್ತಾರೆ.

ಹಳೆಯ ಲ್ಯಾಪ್‌ಟಾಪಿನ ಎಲ್ಲ ಭಾಗಗಳೂ ಒಟ್ಟಿಗೆ ಸೋಲುವುದು ಅಪರೂಪ. ಸಾಮಾನ್ಯವಾಗಿ ಯಾವುದೋ ಒಂದು ಹಿಂದೆ ಬಿದ್ದಿರುತ್ತದೆ, ಉಳಿದವು ಅದಕ್ಕಾಗಿ ಕಾಯುತ್ತಿರುತ್ತವೆ. ಅದು ಯಾವುದೆಂದು ತಿಳಿಯಲು ಖರ್ಚೇನೂ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಸಿಪಿಯು, ಮೆಮೊರಿ, ಡಿಸ್ಕ್ ಒಂದೊಂದೂ ಶೇಕಡಾ ಎಷ್ಟು ದುಡಿಯುತ್ತಿವೆ ಎಂಬ ಲೆಕ್ಕ ಅಲ್ಲಿ ಕಾಣುತ್ತದೆ. ಯಂತ್ರ ತಡವರಿಸುತ್ತಿರುವ ಹೊತ್ತಿನಲ್ಲೇ ಇದನ್ನು ನೋಡಬೇಕು.

2016-17ರ ಸುಮಾರಿಗೆ ಮಧ್ಯಮ ಬೆಲೆಗೆ ಕೊಂಡ ಲ್ಯಾಪ್‌ಟಾಪನ್ನೇ ತೆಗೆದುಕೊಳ್ಳಿ: 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಆನ್ ಮಾಡಿದ ಮೇಲೆ ಬಹಳ ಹೊತ್ತು ಡಿಸ್ಕಿನ ಅಂಕಿ 100ಕ್ಕೆ ಅಂಟಿಕೊಂಡಿರುತ್ತದೆ. ಸಿಪಿಯು ಮಾತ್ರ ಹೆಚ್ಚು ಕೆಲಸವಿಲ್ಲದೆ ಕೂತಿರುತ್ತದೆ.

ಕಾರಣ ಹಾರ್ಡ್‌ಡಿಸ್ಕಿನ ರಚನೆಯಲ್ಲಿದೆ. ಅದರೊಳಗೆ ತಿರುಗುವ ತಟ್ಟೆಗಳಿರುತ್ತವೆ. ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಇರುವ ಕಡೆಗೆ ಓದುವ ತಲೆ ಸರಿಯಬೇಕು, ತಟ್ಟೆಯ ಆ ಭಾಗ ತಿರುಗಿ ಬರುವವರೆಗೆ ಕಾಯಬೇಕು. ಹೀಗಾಗಿ ಅಲ್ಲಲ್ಲಿ ಚದುರಿರುವ ಚಿಕ್ಕ ಚಿಕ್ಕ ತುಣುಕುಗಳನ್ನು ಸೆಕೆಂಡಿಗೆ ನೂರು ಸಲ ಓದುವುದೂ ಅದಕ್ಕೆ ಕಷ್ಟ. ಸಿನಿಮಾದಂಥ ದೊಡ್ಡ ಫೈಲನ್ನು ಒಂದೇ ಸಮನೆ ಓದುವಾಗ ಈ ತೊಂದರೆ ಗೊತ್ತಾಗುವುದಿಲ್ಲ. ವಿಂಡೋಸ್ ಶುರುವಾಗುವಾಗಲಾದರೋ ಸಾವಿರಾರು ಚಿಕ್ಕ ಓದುಗಳು ಬೇಕಾಗುತ್ತವೆ. ಅಪ್‌ಡೇಟ್, ವೈರಸ್ ತಪಾಸಣೆ, ಫೈಲ್ ಹುಡುಕಾಟಕ್ಕೆ ಬೇಕಾದ ಪಟ್ಟಿ ತಯಾರಿ ಎಲ್ಲವೂ ಅದೇ ಹೊತ್ತಿಗೆ ಸರದಿ ನಿಲ್ಲುತ್ತವೆ. ಫಾರ್ಮ್ಯಾಟ್ ಹೊಡೆಸಿದರೂ ತಟ್ಟೆ ಅದೇ, ಸುತ್ತೂ ಅದೇ.

ಹಾರ್ಡ್‌ಡಿಸ್ಕಿನ ಬದಲು ಹಾಕಬಹುದಾದ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಳೆಯ ಲ್ಯಾಪ್‌ಟಾಪಿಗೆ ಹೊಂದುವ 2.5 ಇಂಚಿನ ಸಾದಾ ಸಾಟಾ ಎಸ್‌ಎಸ್‌ಡಿ ಕೂಡ ಚಿಕ್ಕ ಓದುಗಳನ್ನು ಸೆಕೆಂಡಿಗೆ ಹತ್ತಾರು ಸಾವಿರದ ಲೆಕ್ಕದಲ್ಲಿ ಮುಗಿಸುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಿಡಿದು ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಯವರೆಗೆ ಇದನ್ನು ಹಾಕಿಕೊಡುವವರಿದ್ದಾರೆ. ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಇದ್ದಂತೆಯೇ ಹೊಸದಕ್ಕೆ ನಕಲು ಮಾಡಿಸಬಹುದು. ಹಳೆಯದು ಚೆನ್ನಾಗಿದ್ದರೆ ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಬ್ಯಾಕಪ್‌ಗೆ ಬಳಸಿಕೊಳ್ಳಬಹುದು.

ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ, ಫೈಲ್ ಕಾಪಿ ಅರ್ಧಕ್ಕೇ ನಿಲ್ಲುತ್ತಿದ್ದರೆ ಮಾತು ಬೇರೆ. ಅದು ಕೆಡುತ್ತಿರುವ ಡಿಸ್ಕ್ ಆಗಿರಬಹುದು. ಆಗ ಮೊದಲ ಕೆಲಸ ಫೋಟೊ, ದಾಖಲೆಗಳನ್ನು ಹೊರಗೆ ತೆಗೆದಿಡುವುದು. ಸ್ಕ್ಯಾನು, ಫಾರ್ಮ್ಯಾಟು ಎಲ್ಲ ಆಮೇಲೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕ್ ತಾನೇ ದಾಖಲಿಸಿಕೊಂಡ ಆರೋಗ್ಯದ ವಿವರಗಳನ್ನು ತೋರಿಸುತ್ತದೆ.

ಮೆಮೊರಿ ಅಂಕಿ 90 ದಾಟಿದ್ದರೆ ಕೊರತೆ ರ‍್ಯಾಮ್‌ನದು. ಅಡುಗೆ ಕಟ್ಟೆಯಲ್ಲಿ ಜಾಗ ಸಾಲದೆ ಪಾತ್ರೆಗಳನ್ನು ಪದೇ ಪದೇ ಅಟ್ಟಕ್ಕೆ ಏರಿಸಿ ಇಳಿಸಿದಂತೆ, ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ವಿಂಡೋಸ್ ಡಿಸ್ಕಿಗೆ ಬರೆದು, ಬೇಕಾದಾಗ ಮರಳಿ ತರುತ್ತಿರುತ್ತದೆ. 4 ಜಿಬಿ ಯಂತ್ರದಲ್ಲಿ ಬ್ರೌಸರಿನ ಹತ್ತಾರು ಟ್ಯಾಬ್ ತೆರೆದಿಟ್ಟರೆ ಆಗುವುದು ಇದೇ. ಟ್ಯಾಬ್ ಮುಚ್ಚುವುದು, ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಬೇಡದ ಆ್ಯಪ್‌ಗಳನ್ನು ನಿಷ್ಕ್ರಿಯಗೊಳಿಸುವುದು ಪುಕ್ಕಟೆ ಪರಿಹಾರ. 8 ಜಿಬಿಗೆ ಏರಿಸಿದರೆ ಇನ್ನೂ ಒಳ್ಳೆಯದು. ಆದರೆ ಡಿಡಿಆರ್3 ಬಗೆಯ ರ‍್ಯಾಮ್‌ನ ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ. ಕೆಲವು ತೆಳು ಮಾದರಿಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಕೊಳ್ಳುವ ಮುನ್ನ ಮಾದರಿ ಸಂಖ್ಯೆ ಹೇಳಿ ಕೇಳುವುದು ಲೇಸು.

ಬೆಳಿಗ್ಗೆ ಚೆನ್ನಾಗಿದ್ದು, ಅರ್ಧ ಗಂಟೆ ಕೆಲಸದ ನಂತರ ಫ್ಯಾನ್ ಜೋರಾಗಿ ಕೂಗುತ್ತಾ ಯಂತ್ರ ಮಂದವಾದರೆ ಅನುಮಾನ ಬಿಸಿಯ ಮೇಲೆ. ಪ್ರೊಸೆಸರಿನ ಬಿಸಿ ಮಿತಿ ಮುಟ್ಟಿದಾಗ (ಎಷ್ಟೋ ಇಂಟೆಲ್ ಮಾದರಿಗಳಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸು) ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಒಳಗೆ ಧೂಳು ಕಟ್ಟಿ, ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ ಹಾಸಿಗೆಯ ಮೇಲಿಟ್ಟು ಗಾಳಿಯ ಕಿಂಡಿ ಮುಚ್ಚಿದರೆ ಕೇಳುವುದೇ ಬೇಡ. ಸರ್ವಿಸ್‌ನವರು ಧೂಳು ತೆಗೆದು ಪೇಸ್ಟ್ ಬದಲಿಸಿದರೆ ಸಾಕಾಗುತ್ತದೆ. ಹೊಂದದ ಚಾರ್ಜರ್ ಹಾಕಿದರೂ ಕೆಲವು ಲ್ಯಾಪ್‌ಟಾಪ್‌ಗಳು ವೇಗ ಇಳಿಸುತ್ತವೆ ಎಂಬುದನ್ನೂ ನೆನಪಿಡಬೇಕು.

‘ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆ’ ಎಂದು ಹೆದರಿಸಿ ದುಡ್ಡು ಕೇಳುವ ಕ್ಲೀನರ್ ತಂತ್ರಾಂಶಗಳಿಂದ ಇವು ಯಾವುವೂ ಸರಿಹೋಗುವುದಿಲ್ಲ.

ಖರ್ಚು ಮಾಡುವ ಮುನ್ನ ಇನ್ನೊಂದು ಲೆಕ್ಕವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಯಂತ್ರದಲ್ಲಿರಬೇಕು, ಇಂಟೆಲ್ ಕೋರ್ ಪ್ರೊಸೆಸರ್‌ಗಳಲ್ಲಿ ಬಹುಪಾಲು ಎಂಟನೇ ಪೀಳಿಗೆಯಿಂದ ಈಚಿನವಕ್ಕಷ್ಟೇ ಅಧಿಕೃತ ಪ್ರವೇಶ. 2016ರ ಯಂತ್ರ ಆ ಸಾಲಿಗೆ ಸೇರುವುದಿಲ್ಲ. ಬ್ಯಾಂಕಿಂಗ್ ಮಾಡುವವರಿಗೆ ಭದ್ರತಾ ಅಪ್‌ಡೇಟ್ ಇಲ್ಲದ ವ್ಯವಸ್ಥೆ ಅಪಾಯಕಾರಿ.

ಅಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹೊಂದುತ್ತದೆ. ಅದು ಕೇಳುವುದು ಕನಿಷ್ಠ 2 ಜಿಬಿ ರ‍್ಯಾಮ್, ಆರಾಮವಾಗಿ ನಡೆಯಲು 4 ಜಿಬಿ. ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಪ್ರಿಂಟರ್, ಸೌಂಡ್ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಬಹುದು. ಅಲ್ಲಿಯವರೆಗೆ ವಿಂಡೋಸನ್ನು ಅಳಿಸಬೇಕಾಗಿಲ್ಲ. ಕನ್ನಡ ಟೈಪಿಂಗ್‌ಗೆ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲಿ ಸಿಗುತ್ತದೆ. ಆದರೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ವಿಂಡೋಸ್‌ಗಾಗಿ ಮಾಡಿದ್ದು. ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಗಳಲ್ಲಿ ವರ್ಷಗಟ್ಟಲೆ ದಾಖಲೆ ಮಾಡಿಟ್ಟವರು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡ ಮೇಲೆಯೇ ವಿಂಡೋಸ್ ಬಿಡುವುದು ಕ್ಷೇಮ.